ಬದುವಿನ ಬಂಡೆ, ಒಂದೇ ಬೋರು

ಮಳವಳ್ಳಿ ಕಡೆಯ ಒಂದು ಕಬ್ಬಿನ ಗದ್ದೆಯ ಬದುವಿನಲ್ಲಿರುವ ಬಂಡೆಯ ವಿಷಯ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಂಡೆಯದೇನೂ ತಪ್ಪಿಲ್ಲ. ತಪ್ಪು ನನ್ನದು, ಅದಕ್ಕೇ ಉರಿ ಜಾಸ್ತಿ.

ನಾನು ಭೂವಿಜ್ಞಾನಿ. ಚಿನ್ನ ಹುಡುಕುವುದೆಂದರೆ ಹಳದಿ ಚೂರು ಆಯುವುದಲ್ಲ, ನೆಲ ಎಲ್ಲಿ ಹೇಗೆ ಮುರಿದಿದೆ ಎಂದು ನೋಡುವುದು. ನೆಲದೊಳಗಿನ ಬಿರುಕಿನ ಎರಡು ಬದಿಗಳು ಉಜ್ಜಿಕೊಂಡು ಜಾರಿದಾಗ, ಬಿರುಕಿನ ಒಂದು ತಿರುವು ಬಾಯಿ ಬಿಡುತ್ತದೆ, ಇನ್ನೊಂದು ಬಿಗಿದುಕೊಳ್ಳುತ್ತದೆ; ಯಾವುದು ಎಂಬುದನ್ನು ಜಾರಿದ ದಿಕ್ಕು ಹೇಳುತ್ತದೆ. ಬಾಯಿ ಬಿಟ್ಟಲ್ಲಿ ಬಿಸಿನೀರು ನುಗ್ಗಿ ಬೆಣಚುಕಲ್ಲನ್ನೂ, ಅದೃಷ್ಟವಿದ್ದರೆ ಚಿನ್ನವನ್ನೂ ಬಿಟ್ಟುಹೋಗುತ್ತದೆ. ಆ ಗದ್ದೆಯ ಕೆಳಗಿನ ಬಿರುಕಿಗೆ ಇದ್ದದ್ದು ಎರಡು ತಿರುವು, ಒಂದು ಕಾಲುವೆ ಕಡೆಗೆ, ಒಂದು ಗುಡ್ಡದ ಕಡೆಗೆ. ಕೊರೆದು ನೋಡಲು ನಮ್ಮ ಕಚೇರಿಗೆ ಮಂಜೂರಾಗಿದ್ದದ್ದು ಒಂದೇ ಬೋರು.

ಯಾವ ತಿರುವು ಎಂದು ಹೇಳಬೇಕಾದವನು ನಾನು. ಎರಡು ವಾರ ಬಿಸಿಲಲ್ಲಿ ಅಲೆದ ಮೇಲೆ ಆ ಬಂಡೆ ಸಿಕ್ಕಿತು. ಅದರ ಮೇಲೆ ಒಂದೇ ದಿಕ್ಕಿಗೆ ಎಳೆದಂತೆ ಸಾಲು ಸಾಲು ಗೀರು. ನೆಲ ಜಾರಿದ ಗುರುತು! ದಿಕ್ಸೂಚಿ ಇಟ್ಟು ಅಳೆದೆ, ಫೋಟೋ ತೆಗೆದೆ, ಕಾಲುವೆ ಕಡೆಯ ತಿರುವೇ ಎಂದು ನಕ್ಷೆಯಲ್ಲಿ ಗುರುತು ಹಾಕಿದೆ. ಜಮೀನಿನ ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ನೀರ್ ಬಂದ್ರೆ ನಮ್ಗೇ ಬುಟ್ಬುಡಿ ಸಾ" ಎಂದಷ್ಟೇ ಹೇಳಿದರು.

ಬೋರಿನಿಂದ ಎತ್ತಿದ್ದೆಲ್ಲ ಬರೀ ಬಿಗಿದ ಕಪ್ಪುಕಲ್ಲು. ಬೆಣಚಿನ ಒಂದು ಎಳೆಯೂ ಇಲ್ಲ. ಯಂತ್ರ ಲಾರಿ ಹತ್ತಿ ಹೋಯಿತು.

ಉಳಿದ ಸಾಮಾನು ತರಲು ಹೋದ ದಿನ ಕಬ್ಬು ಕಟಾವು ನಡೆದಿತ್ತು. ಯಜಮಾನರು ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನೀರು ಚಿಮುಕಿಸಿ, ಮಚ್ಚು ಮಸೆಯುತ್ತಿದ್ದರು. ಅಲಗು ನಾನು ಅಳೆದ ಗೀರುಗಳಲ್ಲೇ ಹೋಗಿ ಬರುತ್ತಿತ್ತು.

"ಯಾವಾಗ್ಲೂ ಇಲ್ಲೇ ಮಸೀತೀರಾ?" ಎಂದೆ.

"ನಮ್ ತಾತನ ಕಾಲ್ದಿಂದ್ಲೂ ಇಲ್ಲೇ ಕಣ್ ಸಾ."

"ಅವತ್ತು ನಾನ್ ಅಳೀವಾಗ ಒಂದ್ ಮಾತು ಏಳ್ಬಾರ್ದಿತ್ತಾ?"

"ಓದ್ಕಂಡೋರು ನೀವು. ಅಷ್ಟೂ ಗೊತ್ತಾಗಕಿಲ್ಲ ಅಂತ ನಾನೆಂಗ್ ಅನ್ಕಳ್ಳಾದು?"

ಯಲಿಯೂರಿನ ನಮ್ಮ ಮನೆಯ ಹಿಂದೆಯೂ ಇಂಥದೇ ಕಲ್ಲಿತ್ತು. ಅಪ್ಪ ಅದರ ಮೇಲೆ ಮಚ್ಚು ಮಸೆಯುವ ಸದ್ದಿಗೇ ನನಗೆ ಬೆಳಗಾಗುತ್ತಿತ್ತು. ಇನ್ನು ಇದನ್ನು ಯಾರ ತಲೆಗೆ ಕಟ್ಟಲಿ?

ಮಂಡ್ಯದ ಕಚೇರಿಗೆ ಬಂದು ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದೆ. ಕಾಲುವೆ ಕಡೆಯ ತಿರುವು ಬಿಗಿದಿದೆಯೆಂದರೆ ಬಾಯಿ ಬಿಟ್ಟಿರುವುದು ಗುಡ್ಡದ ಕಡೆಯದೇ ಇರಬೇಕು, ಅಲ್ಲಿ ಕೊರೆಯಬೇಕು ಎಂದೂ ಬರೆದೆ. ಮೇಲಧಿಕಾರಿ ಓದಿ ಕನ್ನಡಕ ತೆಗೆದರು.

"ಮಚ್ಚಿನ ಗೀರು ನೋಡಿ ಬೋರು ಹಾಕಿಸಿದ್ವಿ ಅಂತ ಕಳಿಸೋಕಾಗುತ್ತೇನ್ರೀ? ತೆಗೀರಿ ಅದನ್ನ. ಚಿನ್ನ ಇಲ್ಲ ಅಂತ ಬರೆದು ಮುಗಿಸಿ."

ಜಗಳ ಆಡಬೇಕೆನಿಸಿತು. ಆಡಲಿಲ್ಲ. ಅವರ ಮಾತು ಕೇಳಿದರೆ ಉಳಿಯುವುದು ನನ್ನ ಮಾನವೂ ಹೌದಲ್ಲ. ಗುಡ್ಡದ ಮಾತೂ ಇದ್ದ ಆ ಪುಟ ಅಳಿಸಿ, ಚಿನ್ನ ಇಲ್ಲವೆಂದು ಬರೆದು ಸಹಿ ಹಾಕಿದೆ. ಚಿನ್ನ ಇಲ್ಲವೆಂದು ವರದಿಯಾದ ಜಾಗಕ್ಕೆ ಮತ್ತೆ ಯಾರೂ ಯಂತ್ರ ತರುವುದಿಲ್ಲ. ಗುಡ್ಡದ ಕೆಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲೂ ನನ್ನ ಕೈಲಾಗಲಿಲ್ಲ.