ದಡದಮ್ಮನ ಗೋಡೆಯ ಅರಿಶಿನದ ಕೈ

ನಮ್ಮತ್ತೆ ಮಲ್ಲಿಗಮ್ಮನ ಬಲ ಅಂಗೈ ಏಳು ವರ್ಷ ಹಳದಿಯಾಗಿಯೇ ಇತ್ತು. ಕೆಲವರು ಕಾಮಾಲೆ ಅಂದರು. ಕಾಮಾಲೆ ಬಂದರೆ ಕಣ್ಣು ಮೈ ಎಲ್ಲ ಹಳದಿಯಾಗುತ್ತದೆ, ಅದು ಒಂದೇ ಒಂದು ಅಂಗೈ ಹುಡುಕಿಕೊಂಡು ಬರುವುದಿಲ್ಲ ಅನ್ನುವಷ್ಟೂ ತಿಳಿಯದವರು ನಮ್ಮ ಹಳೇಕೋಟೆಯಲ್ಲಿ ಬೇಕಾದಷ್ಟು ಜನ ಇದ್ದರು. ಅತ್ತೆ ಸೀಗೆಪುಡಿ, ಹುಣಸೆಹಣ್ಣು, ಒಲೆಯ ಬೂದಿ ಎಲ್ಲ ಹಾಕಿ ಉಜ್ಜಿದ್ದಳು. ಉಣ್ಣಲು ಕೂತು ಮುದ್ದೆ ಮುರಿದರೆ ಅದರ ಮೇಲೆ ಹಳದಿ ಬೆರಳಿನ ಗುರುತು ಬೀಳುತ್ತಿತ್ತು. ನೋಡಲಾರದೆ ನಮ್ಮಪ್ಪ ದೇವಯ್ಯ ಎಲ್ಲಿಂದಲೋ ಒಂದು ಸ್ಟೀಲ್ ಚಮಚ ತಂದುಕೊಟ್ಟ. ನಮ್ಮ ಕೇರಿಯಲ್ಲಿ ಚಮಚದಲ್ಲಿ ಉಂಡ ಮೊದಲ ಹೆಂಗಸು ನಮ್ಮತ್ತೆ. ಅದಕ್ಕೂ ಜನ ಆಡಿಕೊಂಡರು.

ಕೈಗೆ ಬಂದದ್ದು ಮುಖದಿಂದ ಬಂತು. ಅತ್ತೆಗೆ ಸಿನಿಮಾ ನಟಿ ಅನಸೂಯಾದೇವಿಯ ಮುಖವಿತ್ತು. ಹೋಲಿಕೆ ಅನ್ನುವುದು ಸಣ್ಣ ಮಾತು. ಕಣ್ಣು, ಮೂಗು, ಕೆಳತುಟಿಯ ಪಕ್ಕದ ಮಚ್ಚೆ, ಎಲ್ಲ ಅದೇ. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದು ಗದ್ದೆ ನಾಟಿ, ಕಳೆ ಅಂತ ಕೂಲಿ ಮಾಡಿಕೊಂಡಿದ್ದವಳಿಗೆ ಆ ಮುಖ ಏನು ಕೆಲಸಕ್ಕೆ ಬರಬೇಕು? ಐವತ್ತಾರನೇ ಇಸವಿಯಲ್ಲಿ ಹೊಳೆನರಸೀಪುರದ ಟೆಂಟಿನಲ್ಲಿ ಅನಸೂಯಾದೇವಿಯ ಸಿನಿಮಾ ಬಂದಾಗ ಕೇರಿಯ ಹೆಂಗಸರೆಲ್ಲ ನೆಲದ ಟಿಕೆಟ್ಟಿಗೆ ಹೋದರು. ಕೊನೆಯಲ್ಲಿ ನಾಯಕಿ ಹೊಳೆಗೆ ಬಿದ್ದು ಸಾಯುತ್ತಾಳೆ. ಹೆಣ ದಡಕ್ಕೆ ಬಂದಾಗ ಟೆಂಟಿನಲ್ಲಿದ್ದವರು ಒಬ್ಬೊಬ್ಬರಾಗಿ ಪರದೆ ಬಿಟ್ಟು ಅತ್ತೆಯ ಕಡೆ ತಿರುಗಿದರಂತೆ. ಮನೆಗೆ ಬಂದ ಮೇಲೆ ನಮ್ಮಜ್ಜಿ ಸಣ್ಣಕ್ಕ ಮೂರು ಸಲ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಅತ್ತೆ ಮತ್ತೆ ಟೆಂಟಿನ ಕಡೆ ತಲೆ ಹಾಕಲಿಲ್ಲ.

ಅರವತ್ತೆರಡರ ಎಲೆಕ್ಷನ್ನಿಗೆ ಅನಸೂಯಾದೇವಿಯೇ ನಮ್ಮ ಕಡೆ ನಿಂತಳು. ತನ್ನ ಕ್ಷೇತ್ರದ ಜೊತೆಗೆ ಜಿಲ್ಲೆಯೆಲ್ಲ ಪಕ್ಷದ ಪರವಾಗಿ ಸುತ್ತಬೇಕಿತ್ತು. ಇದ್ದದ್ದು ಇಪ್ಪತ್ತು ದಿನ. ಮುಖ ತೋರಿಸದ ಊರಿನವರು ಓಟು ಹಾಕುವುದಿಲ್ಲ ಅಂತ ಕೂತಿದ್ದರು. ಆಗ ಅವಳ ಓಡಾಟ ನೋಡಿಕೊಳ್ಳುತ್ತಿದ್ದ ಪುಟ್ಟರಾಜು ಅನ್ನುವವನು ಅತ್ತೆಯನ್ನು ಗದ್ದೆಯ ಬದುವಿನಲ್ಲಿ ಕಂಡ. ಜೀಪು ನಿಲ್ಲಿಸಿ, ಇಳಿದು, ಕೈ ಮುಗಿದೇಬಿಟ್ಟನಂತೆ. ಆಮೇಲೆ ಅವಳ ಕೈಯಲ್ಲಿದ್ದ ಕುಡುಗೋಲು ನೋಡಿ ನಾಚಿಕೊಂಡ.

"ಬಿಳಿ ಸೀರೆ ಉಟ್ಕಂಡು ಜೀಪಲ್ಲಿ ನಿಂತ್ಕಂಡು ಕೈ ಮುಗುದ್ರೆ ಸಾಕು ಕಣಮ್ಮ. ಬಾಯಿ ಮಾತ್ರ ಬಿಡಬ್ಯಾಡ," ಅಂದ.

ಅತ್ತೆ ತನಗಾಗಿ ಏನೂ ಕೇಳಲಿಲ್ಲ. "ನಮ್ ಕೇರಿಗೊಂದು ಬಾವಿ ತೋಡಿಸ್ಕೊಡಿ ಸಾ," ಅಂದಳು. ಮೇಲಿನ ಬೀದಿಯ ಬಾವಿಯಲ್ಲಿ ನಾವು ಸೇದುವಂತಿರಲಿಲ್ಲ. ಕಾಲುವೆ ಬತ್ತಿದರೆ ಗುಂಡಿ ತೋಡಿ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ಪುಟ್ಟರಾಜು ಒಪ್ಪಿದ. ಅವನನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ, ಆದರೆ ಬಾವಿ ಮಾತ್ರ ತೋಡಿಸಿದ.

ಅನಸೂಯಾದೇವಿ ಚನ್ನರಾಯಪಟ್ಟಣದಲ್ಲಿ ಭಾಷಣ ಮಾಡುವ ಹೊತ್ತಿಗೆ ಅತ್ತೆ ಅರಕಲಗೂಡಿನ ಕಡೆ ಹಳ್ಳಿಗಳಲ್ಲಿ ಕೈ ಮುಗಿಯುತ್ತಿದ್ದಳು. ಒಂದೇ ಗಳಿಗೆಯಲ್ಲಿ ಎರಡು ಕಡೆ ಕಂಡಳಂತೆ ಅಂತ ಸುದ್ದಿ ಹಬ್ಬಿತು. ಜೀಪು ಎರಡಿರಬಹುದು ಅಂತ ಯಾರಿಗೂ ಹೊಳೆಯಲಿಲ್ಲ, ಎಲ್ಲರೂ ಮಹಿಮೆ ಅಂದರು. ಹಿಂದಿನ ವಾರ ಕೂಲಿಗೆ ಹೋಗಿದ್ದರೆ ಅಂಗಳದಾಚೆ ನಿಲ್ಲಿಸಿ ನೀರು ಹೊಯ್ಯುತ್ತಿದ್ದ ಮನೆಯವರೇ ಆರತಿ ಎತ್ತಿದರು, ಬೆಳ್ಳಿ ಲೋಟದಲ್ಲಿ ಹಾಲು ಕೊಟ್ಟರು. ಅತ್ತೆಗೆ ನಗು ಬರಲಿಲ್ಲ, ಭಯವಾಯಿತು. ಅವರು ನೋಡುತ್ತಿದ್ದದ್ದು ತನ್ನನ್ನಲ್ಲ, ತನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ಆಗಾಗ ತಿರುಗಿ ನೋಡುತ್ತಿದ್ದಳಂತೆ.

ಗೊರೂರಿನಿಂದ ಮೇಲೆ, ಹೇಮಾವತಿಯ ದಡದಲ್ಲಿ, ಹೊಳೆಬಾಗಿಲು ಅಂತ ಒಂದು ಊರು. ಅಲ್ಲಿ ಪಟೇಲರ ಮನೆಯ ಮುದುಕಿ ಕಾಮಾಕ್ಷಮ್ಮ ಜೀಪಿಗೆ ಅಡ್ಡ ನಿಂತಳು. "ಒಳೆಗೆ ಕಟ್ಟೆ ಕಟ್ತಾರಂತೆ, ನಮ್ಮೂರು ಮುಳುಗ್ತದಂತೆ. ನಿಜವಾ ತಾಯಿ? ಮುಳುಗಕ್ಕೆ ಬುಡಲ್ಲ ಅಂತ ಭಾಷೆ ಕೊಡು." ಪುಟ್ಟರಾಜು ಏನೋ ಹೇಳುವುದರೊಳಗೆ ಅತ್ತೆಯ ಕೈ ಹಿಡಿದು ಹೊಳೆದಂಡೆಯ ದಡದಮ್ಮನ ಗುಡಿಯೊಳಗೆ ಕರೆದುಕೊಂಡು ಹೋದಳು. ಅತ್ತೆ ಹುಟ್ಟಿದ ಮೇಲೆ ಗುಡಿಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಒಳಗೆ ತಣ್ಣಗಿತ್ತು, ಹೊಳೆಯ ಕೆಸರಿನ ವಾಸನೆ. ಆ ಊರಿನ ಪದ್ಧತಿ ಏನೆಂದರೆ, ಭಾಷೆ ಕೊಡುವವರು ಅರಿಶಿನದಲ್ಲಿ ಅಂಗೈ ಅದ್ದಿ ಅಮ್ಮನ ಹಿಂದಿನ ಗೋಡೆಗೆ ಒತ್ತಬೇಕು. ಮಾತು ನಡೆಯಬೇಕು, ಇಲ್ಲವೆ ಕೊಟ್ಟವರೇ ಬಂದು ಅದೇ ಕೈಯಲ್ಲಿ ಒರೆಸಿ ಭಾಷೆ ಬಿಡಿಸಿಕೊಳ್ಳಬೇಕು. ಬೇರೆಯವರು ಒರೆಸಿದರೆ ಹೋಗುವುದಿಲ್ಲ ಅಂತ ನಂಬಿಕೆ.

ಬಾಯಿ ಬಿಡಬೇಡ ಅಂದಿದ್ದನಲ್ಲ ಪುಟ್ಟರಾಜು. ಅತ್ತೆ ಬಿಟ್ಟಳು. ಯಾರೂ ಅವಳನ್ನು ಅದುವರೆಗೆ ಏನನ್ನೂ ಹಾಗೆ ಕೇಳಿರಲಿಲ್ಲ. "ಮುಳುಗಕ್ಕೆ ಬುಡಲ್ಲ ಕಣವ್ವ," ಅಂದು ಅಂಗೈ ಒತ್ತಿದಳು. ಗೋಡೆ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡ ಹಾಗಾಯಿತಂತೆ. ಕಿತ್ತುಕೊಂಡು ಹೊರಗೆ ಬಂದಳು. ಜೀಪಿನಲ್ಲಿ ಪುಟ್ಟರಾಜು ಬಾಯಿಗೆ ಬಂದಂತೆ ಬೈದ. ಹೊಳೆಯಲ್ಲಿ ಕೈ ತೊಳೆದಳು, ಅರಿಶಿನ ಹೋಗಲಿಲ್ಲ.

ಅನಸೂಯಾದೇವಿ ಗೆದ್ದಳು. ಅರವತ್ತೇಳರಲ್ಲಿ ಮತ್ತೆ ಗೆದ್ದು ಮಂತ್ರಿಯಾದಳು. ಅವಳ ಕಾರು ಬಂದರೆ ಸಾಹೇಬರುಗಳು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿದ್ದರು. ಅವಳ ಕಾಲದಲ್ಲೇ ಗೊರೂರಿನಲ್ಲಿ ಕಟ್ಟೆಯ ಕೆಲಸ ಶುರುವಾಯಿತು, ಅವಳೇ ಬಂದು ಪೂಜೆ ಮಾಡಿದಳು. ಅವತ್ತಿನಿಂದ ಅತ್ತೆಯ ಅಂಗೈ ಹಳದಿಯ ಜೊತೆಗೆ ಒದ್ದೆಯಾಗತೊಡಗಿತು. ಚೈತ್ರದ ಬಿಸಿಲಲ್ಲೂ ಒದ್ದೆ. ಗೋಡೆ ಹಿಡಿದು ಎದ್ದರೆ ಗೋಡೆಯ ಮೇಲೆ ನೀರಿನ ಕೈ ಮೂಡುತ್ತಿತ್ತು. ಮೂಸಿದರೆ ಕೆಸರು. ನಾನು ಆಗ ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಬೆವರು ಅತ್ತೆ, ಬೆವರು ಅಂತ ಹೇಳಿದೆ. ನನಗೇ ನಂಬಿಕೆ ಇರಲಿಲ್ಲ. ಅವತ್ತೇ ಅವಳು ಈ ಕತೆಯನ್ನೆಲ್ಲ ನನಗೆ ಹೇಳಿದ್ದು.

ಮುಳುಗಡೆಯ ಊರಿನವರಿಗೆಲ್ಲ ಬೇರೆ ಕಡೆ ಭೂಮಿ ಕೊಟ್ಟರು. ಒಂದೊಂದಾಗಿ ಊರುಗಳು ಜಾಗ ಬಿಟ್ಟು ಎದ್ದವು. ಹೊಳೆಬಾಗಿಲು ಮಾತ್ರ ಏಳಲಿಲ್ಲ. ಮುಳುಗಡೆಯ ಗಡಿ ಕಲ್ಲು ನೆಡಲು ಬಂದವರಿಗೆ ಮಜ್ಜಿಗೆ ಕೊಟ್ಟು, "ಅನಸೂಯಮ್ಮ ಭಾಷೆ ಕೊಟ್ಟವ್ಳೆ," ಅಂದು ಕಳಿಸುತ್ತಿದ್ದರು. ಹೊಸ ಹೆಂಚು ಹೊದಿಸಿದರು, ಸೊಸೆಯರನ್ನು ತಂದರು. ಸಂಕ್ರಾಂತಿಯೊಳಗೆ ಭೂಮಿ ಒಪ್ಪಿಕೊಳ್ಳದಿದ್ದರೆ ಅದೂ ಇಲ್ಲ ಅಂತ ಸರ್ಕಾರದ ಕಾಗದ ಬಂತು. ಇದು ಅತ್ತೆಯ ಕಿವಿಗೂ ಬಿತ್ತು. "ನನ್ ಮಾತು ಕಟ್ಕಂಡು ಕುಂತವ್ರೆ ಕಣೆ. ಊರೂ ಓಯ್ತದೆ, ಭೂಮಿನೂ ಓಯ್ತದೆ," ಅಂತ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅರವತ್ತೊಂಬತ್ತರ ಜನವರಿಯಲ್ಲಿ, ಸಂಕ್ರಾಂತಿಗೆ ಮೂರು ದಿನ ಮುಂಚೆ, ಮಧ್ಯಾಹ್ನ ನಮ್ಮ ಬಾಗಿಲಿಗೆ ಮಂತ್ರಿಯ ಕಾರು ಬಂತು. ಇಳಿದವನು ಪುಟ್ಟರಾಜು, ಮುಖದಲ್ಲಿ ರಕ್ತವಿರಲಿಲ್ಲ. ಬೆಳಿಗ್ಗೆ ಅನಸೂಯಾದೇವಿ ಹೊಳೆಬಾಗಿಲಿಗೆ ಹೋಗಿ, ಊರು ಬಿಡಿ ಅಂದಳಂತೆ. ಅವರು, ಹಾಗಾದರೆ ನಿಮ್ಮ ಕೈ ನೀವೇ ಒರೆಸಿ ಅಂದರಂತೆ. ಯಾವ ಕೈ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಆದರೂ ನಟಿಯಲ್ಲವೆ, ನಗುತ್ತ ಗುಡಿಯೊಳಗೆ ಹೋಗಿ ಒದ್ದೆ ಕೈಯಲ್ಲಿ ಉಜ್ಜಿದಳು. ಗೋಡೆಯ ಸುಣ್ಣ ಉದುರಿತು, ಅರಿಶಿನ ಉದುರಲಿಲ್ಲ. ಅಂಗೈ ಇಟ್ಟು ನೋಡಿದಳು. ಗುರುತು ಅವಳ ಕೈಗಿಂತ ಗಿಡ್ಡ, ಕಿರುಬೆರಳು ಅತ್ತೆಯದರ ಹಾಗೆ ಕುಡುಗೋಲು ತಾಗಿ ಸೊಟ್ಟ. ಊರೆಲ್ಲ ಬಾಗಿಲಲ್ಲಿ ನಿಂತು ಅದನ್ನು ನೋಡಿತು.

ಅತ್ತೆ ಹರಿದ ಸೀರೆಯಲ್ಲೇ ಕಾರು ಹತ್ತಿದಳು. ನಾನೂ ಹೋದೆ.

ಗುಡಿಯ ಮುಂದೆ ಇಬ್ಬರೂ ಎದುರು ಬದುರು ನಿಂತರು. ಒಂದೇ ಮುಖ ಎರಡು. ಒಂದು ಗದ್ದೆಯಲ್ಲಿ ಬೆಂದದ್ದು, ಒಂದು ಬಣ್ಣದಲ್ಲಿ ಉಳಿದದ್ದು. ಜನ ಹಿಂದೆ ಸರಿದರು.

"ನನ್ನ ಹೆಸರಲ್ಲಿ ಏನಂತ ಮಾತು ಕೊಟ್ಟುಬಿಟ್ಟೆ ನೀನು?" ಅಂದಳು ಅನಸೂಯಾದೇವಿ, ಪಿಸುದನಿಯಲ್ಲಿ.

"ನೀವು ಕೊಡಬೇಕಾಗಿದ್ ಮಾತ್ನೇ ಕೊಟ್ಟೆ ಕಣವ್ವ," ಅಂದಳು ಅತ್ತೆ.

ಆಮೇಲೆ ಊರಿನವರ ಕಡೆ ತಿರುಗಿ, ತಾನು ಯಾರು, ಯಾವ ಕೇರಿಯವಳು, ಎಲ್ಲ ಹೇಳಿದಳು. ಗಂಡಸರಲ್ಲಿ ಗುಜುಗುಜು ಎದ್ದಿತು. ಗುಡಿ ಮೈಲಿಗೆಯಾಯಿತು, ಶುದ್ಧಿ ಮಾಡಿಸಬೇಕು ಅಂದ ಚನ್ನಪ್ಪ ಅನ್ನುವ ಯಜಮಾನ. ಊರು ಮುಳುಗುವ ಹೊತ್ತಿನಲ್ಲೂ ಅವನಿಗೆ ಅದೇ ಚಿಂತೆ.

ಕಾಮಾಕ್ಷಮ್ಮ ಕೋಲೂರಿಕೊಂಡು ಮುಂದೆ ಬಂದಳು. "ಸುಮ್ಕಿರ್ಲಾ ಚನ್ನ. ನಾಳೆ ಒಳೆನೇ ಬಂದು ತೊಳೀತದೆ," ಅಂದಳು. ಅತ್ತೆಯ ಅಂಗೈಯನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದಳು. ನೀರು ತೊಟ್ಟಿಕ್ಕುತ್ತಿತ್ತು. "ಆವಮ್ಮನ್ ಸಿನಿಮಾ ನಾನ್ ಯಾವತ್ತು ನೋಡಿದ್ದೆ? ನಾನು ಭಾಷೆ ಕೇಳಿದ್ದು ನಿನ್ನ. ನಡ್ಸಕ್ಕಾಯ್ತದಾ, ಮಗ?"

"ಆಗಲ್ಲ ಅವ್ವ. ನನ್ ಕೈಲಿ ಏನೂ ಇಲ್ಲ. ಭೂಮಿ ಇಸ್ಕಂಡು ಎದ್ಬುಡಿ."

"ಅಂಗಾರೆ ಒರೆಸು."

ಮುದುಕಿಯೇ ಮತ್ತೆ ಕೈ ಹಿಡಿದು ಹೊಸ್ತಿಲು ದಾಟಿಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಅಂಗೈಯನ್ನು ಗುರುತಿನ ಮೇಲೆ ಇಟ್ಟಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಕೂತಿತು. ಒಂದು ಸಲ ಕೆಳಗೆ ಎಳೆದಳು, ಅಷ್ಟೇ. ಗೋಡೆ ಬೆಳ್ಳಗಾಯಿತು. ಕೈ ಎತ್ತಿ ತೋರಿಸಿದಳು. ಒಣಗಿದ, ಗಂಟು ಕಟ್ಟಿದ, ಬರೀ ಕೂಲಿಯವಳ ಕೈ. ಹೊರಗೆ ಅನಸೂಯಾದೇವಿ ಒಮ್ಮೆ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಕಾರಿನ ಕಡೆ ನಡೆಯುತ್ತಿದ್ದಳು. ಬಿಳಿ ಸೆರಗು ಅಲ್ಲಲ್ಲಿ ಒದ್ದೆಯಾಗಿತ್ತು.

ಸಂಕ್ರಾಂತಿಯೊಳಗೆ ಹೊಳೆಬಾಗಿಲು ಎದ್ದಿತು. ಅತ್ತೆ ಮತ್ತೆ ಕೈಯಲ್ಲಿ ಉಂಡಳು. ಮುದ್ದೆಯನ್ನು ನುಂಗುವ ಮುಂಚೆ ಒಂದು ಗಳಿಗೆ ಅದನ್ನೇ ನೋಡುತ್ತಿದ್ದಳು.

ಆ ವರ್ಷದ ಮಳೆಗಾಲದಲ್ಲಿ ನಾನು ಶಾಲೆಯಿಂದ ಪೇಪರು ತಂದೆ. ಹಾಸನದಲ್ಲಿ ಏನೋ ಸಮಾರಂಭ, ಅನಸೂಯಾದೇವಿಯ ದೊಡ್ಡ ಫೋಟೋ. ಜನರಿಗೆ ಕೈ ಮುಗಿದಿದ್ದಾಳೆ, ಆದರೆ ಬಲಗೈ ಬಿಗಿಯಾಗಿ ಮುಷ್ಟಿ ಕಟ್ಟಿದೆ, ಎಡಗೈ ಅದನ್ನು ಮುಚ್ಚಿಕೊಂಡಿದೆ. ಅತ್ತೆ ಬಹಳ ಹೊತ್ತು ಆ ಕೈಯನ್ನೇ ನೋಡಿದಳು.

"ಆವಮ್ಮನ್ ಅಡ್ರೆಸ್ ಗೊತ್ತೇನೆ ನಿಂಗೆ?" ಅಂದಳು.

"ಯಾಕತ್ತೆ?"

ಅವಳು ಎದ್ದು ಹೋಗಿ ಗೂಡಿನಲ್ಲಿದ್ದ ಚಮಚ ತಂದು, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಳು.

"ಕಳಿಸ್ಬುಡು. ಉಣ್ಣಕ್ಕೆ ಬೇಕಾಯ್ತದೆ."