ಹನುಮಕ್ಕ ತಿಕ್ಕಿದ ಗ್ರಿಲ್‌ಗಳು

ಹೊಸ ಗ್ರಿಲ್ ಬಂದರೆ ಎಲ್ಲರೂ ಮೇಲಿನ ಹೊಳಪು ನೋಡುತ್ತಿದ್ದರು, ಹನುಮಕ್ಕ ಮಾತ್ರ ಅದನ್ನು ಬೋರಲು ಹಾಕಿ ಅಡಿಭಾಗದಲ್ಲೆಲ್ಲ ಕೈಯಾಡಿಸುತ್ತಿದ್ದಳು. ಮೊಳಕಾಲ್ಮೂರಿನ ಹೊರಗಿರುವ ನನ್ನ ಢಾಬಾದಲ್ಲಿ ಬೆಳಿಗ್ಗೆ ಗ್ರಿಲ್ ತೊಳೆಯುವುದು ಅವಳ ಕೆಲಸ. ಜಿಡ್ಡು ಎಲ್ಲಿ ಹೋಗಿ ಕೂರುತ್ತದೆಂದು ಕೋಳಿ ಸುಡುವ ಮೊದಲೇ ಹೇಳಿಬಿಡುವಳು.

"ಸುಡಾದು ಒಂದು ಗಳಿಗೆ, ತಿಕ್ಕಾದು ದಿನಾ ಐತೆ. ಕೊಳ್ಳಾವಾಗ ತಿಕ್ಕೋರ್ನೂ ಒಂದ್ಮಾತು ಕೇಳಣ್ಣ" ಎನ್ನುತ್ತಿದ್ದಳು. ನಾನೋ ದೊಡ್ಡ ಮನುಷ್ಯ, ಕೇಳಬೇಕಲ್ಲ!

ಡ್ರಮ್ಮು ಸೀಳಿ ಮಾಡಿಸಿದ್ದ ಇದ್ದಿಲಿನ ಗ್ರಿಲ್ ಅವಳಿಗೆ ಮೆಚ್ಚು. ನಾಲ್ಕು ಕೆಂಡ ಹಾಕಿ ಸರಳು ಬಿಸಿ ಮಾಡಿ, ಅರ್ಧ ಈರುಳ್ಳಿಯಿಂದ ಉಜ್ಜಿ, ಆರಿದ ಮೇಲೆ ಬೂದಿಯಲ್ಲಿ ತಿಕ್ಕಿದರೆ ಮುಗಿಯಿತು. ಇನ್ನೊಂದು ಕರೆಂಟಿನ ಗ್ರಿಲ್, ಅದಕ್ಕೆ ನೀರು ತಾಗಿಸುವಂತಿಲ್ಲ. ಅದನ್ನು ಎಳೆಗೂಸಿನಂತೆ ಒರೆಸುತ್ತಲೇ ಬೈಯುವಳು. ಕೆಲಸವಾದ ಮೇಲೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಹೊರಡುವಳು. ಮಧ್ಯಾಹ್ನ ನೇಕಾರರ ಮನೆಯಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದಳು. ಬೆರಳು ಒರಟಾದರೆ ಎಳೆ ಸಿಕ್ಕಿ ಹರಿಯುತ್ತದೆ.

ಒಮ್ಮೆ ಚಳ್ಳಕೆರೆಯಿಂದ ಗ್ಯಾಸ್ ಗ್ರಿಲ್ ತಂದೆ. ತೊಳೆಯುವುದು ಬಲು ಸಲೀಸು ಎಂದಿದ್ದ ಅಂಗಡಿಯವನು. ಹನುಮಕ್ಕ ಬೋರಲು ಹಾಕಿ ನೋಡಿ, ಬೆಂಕಿ ಬರುವ ತೂತಿಗೇ ಕೊಬ್ಬು ಇಳಿಯುತ್ತದೆ, ವಾಪಸ್ ಕೊಟ್ಟುಬಿಡು ಎಂದಳು. ನಾನು ಕೊಡಲಿಲ್ಲ, ಅವಳು ಹೇಳಿದಂತೆಯೇ ಆಯಿತು. ಕಲ್ಲಿನಂತೆ ಕೂತ ಜಿಡ್ಡಿಗೆ ಬೂದಿ ಏನು ಮಾಡೀತು? ನಾನು ಜಿಡ್ಡು ಕರಗಿಸುವ ಕ್ಷಾರದ ದ್ರಾವಣದ ಡಬ್ಬಿ ತಂದೆ. ಕೈಗವಸು ಹಾಕಿಕೊಳ್ಳಿ ಎಂದು ಅದರ ಮೇಲೆ ಸಣ್ಣಕ್ಷರದಲ್ಲಿತ್ತು. ಅವಳಿಗೆ ಓದು ಬಾರದು, ನನಗೆ ಬರುತ್ತದೆ. ಓದಿಯೂ, ಅವಳದು ಗಟ್ಟಿ ಕೈ, ಏನಾಗಲ್ಲ ಬಿಡು ಎಂದುಕೊಂಡು ಡಬ್ಬಿಯನ್ನಷ್ಟೇ ಅವಳಿಗೆ ಕೊಟ್ಟೆ.

ತಿಂಗಳೊಳಗೆ ಅವಳ ಬೆರಳ ತುದಿಗಳು ಬಿರುಕುಬಿಟ್ಟವು. ಮುಟ್ಟಿದಲ್ಲೆಲ್ಲ ರೇಷ್ಮೆ ಹರಿಯತೊಡಗಿತು. ನೇಕಾರರ ಮನೆಯಾಕೆ ಬೇಸರದಿಂದಲೇ ಬೇರೆಯವಳನ್ನು ಕರೆದುಕೊಂಡಳು. ಅವತ್ತಿನಿಂದ ಹನುಮಕ್ಕ ನನ್ನಲ್ಲಿಗೂ ಬರಲಿಲ್ಲ.

ಒಂದು ಜೊತೆ ರಬ್ಬರ್ ಗವಸು ಕೊಂಡು ಅವಳ ಮನೆಗೆ ಹೋದೆ. ತಪ್ಪಾಯಿತು, ಮತ್ತೆ ಬಾ ಎಂದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನೀರು ಕೊಟ್ಟು, ಗವಸು ತೊಟ್ಟು ನೋಡಿದಳು. ಅಳತೆ ಸರಿಯಾಗಿತ್ತು.

"ಇವು ಆವಾಗ್ಲೂ ಅಂಗಡ್ಯಾಗೆ ಸಿಕ್ತಿದ್ವಾ ಅಣ್ಣ?"

"ಸಿಕ್ತಿದ್ವು ಹನುಮಕ್ಕ."

ಒಂದೊಂದಾಗಿ ಕಳಚಿ, ಮಡಿಸಿ, ನನ್ನ ಕೈಗೇ ಕೊಟ್ಟಳು.

"ಈಗ ತಿಕ್ಕಾಕೆ ಯಾರು ಬರ್ತಾರೋ, ಅವ್ರಿಗೆ ಮೊದ್ಲೇ ಕೊಡು."