ಗಾರ್ಡಿಯನ್ ಅಂದರೆ ಯಾರು?

ನೀವು ಹುಚ್ಚರೇ? ಮೈನರೇ? ಸಿಟ್ಟಾಗಬೇಡಿ. ಕಳೆದ ತಿಂಗಳು ನಮ್ಮ ಜಯಕ್ಕನನ್ನು ಒಂದು ಆಸ್ಪತ್ರೆ ಹೆಚ್ಚುಕಡಿಮೆ ಇದನ್ನೇ ಕೇಳಿತು.

ಜಯಕ್ಕ ಅಲ್ಲಾಳಸಂದ್ರದಲ್ಲಿ ನಮ್ಮ ಪಕ್ಕದ ಮನೆಯಾಕೆ. (ಹೆಸರು ಬೇರೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.) ನಾನು ಬಿ.ಎ.ಗೆ ಓದುವಾಗ ಮುದ್ದೆ ತಂದಿಟ್ಟು, ಉಣ್ಣುವ ತನಕ ಪುಸ್ತಕ ಕಿತ್ತಿಟ್ಟುಕೊಳ್ಳುತ್ತಿದ್ದಳು. ನಮ್ಮ ವಂಶದ ಮೊದಲ ಡಿಗ್ರಿಯಲ್ಲಿ ಅವಳ ರಾಗಿಯೂ ಇದೆ.

ಮೂರು ಮಕ್ಕಳು. ಮೂರನೇ ಹೆರಿಗೆಯಲ್ಲಿ ರಕ್ತ ಹೋಗಿ, ಉಳಿದದ್ದೇ ಹೆಚ್ಚು. ಹೋದ ತಿಂಗಳು ನೋಡಿದರೆ ಮತ್ತೆ ಎರಡು ತಿಂಗಳ ಬಸಿರು. ಗಂಡ ಹೆಂಡತಿ ಕೂತು ಮಾತಾಡಿ, ತೆಗೆಸುವುದೇ ಸರಿ ಎಂದುಕೊಂಡರು. ಭಾವ ಲಾರಿ ಡ್ರೈವರ್. ಯಶವಂತಪುರದಲ್ಲಿ ಲೋಡ್ ಹಾಕಿಕೊಂಡು ಕಲ್ಕತ್ತಾಕ್ಕೆ ಹೊರಟುಹೋದರು.

ಜಯಕ್ಕ ಒಬ್ಬಳೇ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ನೋಡಿ ಒಪ್ಪಿದರು. ಕೌಂಟರಿನ ಗುಮಾಸ್ತರು ಮಾತ್ರ ಫಾರಂ ಕೈಗಿಟ್ಟು, ಗಂಡನ ಸೈನ್ ಇಲ್ಲದೆ ಆಗುವುದಿಲ್ಲ ಎಂದು ವಾಪಸ್ ಕಳಿಸಿದರು.

ಭಾವ ಬರಲು ಇನ್ನೂ ಹದಿನೈದು ದಿನ. ತಡವಾದಷ್ಟೂ ಅಪಾಯ. ಜಯಕ್ಕನ ಅತ್ತೆ ಆಗಲೇ ಕಡ್ಡಿ ಇಟ್ಟು ಬಸಿರು ಇಳಿಸುವ ಮುದುಕಿಗೆ ಹೇಳಿಕಳಿಸಿದ್ದರು. ಆ ಕಡ್ಡಿಗೆ ನಮ್ಮ ಬೀದಿಯಲ್ಲೇ ಒಬ್ಬಳು ಸತ್ತಿದ್ದಾಳೆ.

ಜಯಕ್ಕ ಫಾರಂ ತಂದು ನನ್ನ ಮುಂದೆ ಹಿಡಿದಳು. "ಅವರ ಸೈನು ನೀನೇ ಗೀಚ್ಬಿಡು. ಬಿ.ಎ. ಮಾಡಿಲ್ವಾ?"

ಗೀಚುವ ಮೊದಲು ಓದಿದೆ. ಪೂರ್ತಿ ಇಂಗ್ಲಿಷ್. ಮೇಲೆ ಹೆಂಗಸಿನ ಒಪ್ಪಿಗೆ, ಅವಳ ಸಹಿ. ಕೆಳಗೆ ಗಾರ್ಡಿಯನ್ ಸಹಿ, ಅದೂ ಹೆಂಗಸು ಹುಚ್ಚಿಯೋ ಮೈನರೋ ಆಗಿದ್ದರೆ ಮಾತ್ರ. ಗಂಡನಿಗೆ ಜಾಗವೇ ಇಲ್ಲ! ಗಾರ್ಡಿಯನ್ ಅಂದರೆ ಗಂಡ ಎಂದು ಗುಮಾಸ್ತರೇ ತೀರ್ಮಾನಿಸಿಬಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಹೋದೆವು. ಆ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದೆ. ಗುಮಾಸ್ತರು ಕನ್ನಡಕ ತೆಗೆದು ಒರೆಸಿ, ಮೊದಲಿಂದಲೂ ಹೀಗೇ ನಡೆದುಬಂದಿದೆ ಎಂದರು.

ಜಯಕ್ಕ ತಣ್ಣಗೆ ಕೇಳಿದಳು: "ಮೂರು ಮಕ್ಕಳ ತಾಯಿ ಸಾರ್ ನಾನು, ಮೈನರ್ ಅಲ್ಲ. ಅಂಗಾರೆ ತಲೆ ಕೆಟ್ಟೋಳು ಅಂತ ಬರ್ಕೊಂತೀರಾ?"

ಒಳಗಿದ್ದ ಡಾಕ್ಟರಮ್ಮ ನಗುತ್ತಾ ಬಂದರು. ಅವಳ ಸಹಿಯೇ ಸಾಕೆಂದರು.

ಈಗ ಜಯಕ್ಕ ಚೆನ್ನಾಗಿದ್ದಾಳೆ. ಕಲ್ಕತ್ತಾದಿಂದ ಬಂದ ಭಾವನಿಗೆ "ಬಂದ್ರು ನಮ್ ಗಾರ್ಡಿಯನ್ನು" ಎಂದೇ ಕಾಫಿ ಕೊಟ್ಟಳು. ಅವರಿಗೂ ನಗು.

ನನಗೆ ಮಾತ್ರ ಪೂರ್ತಿ ನಗು ಬರಲಿಲ್ಲ. ಹೆಂಗಸಿನ ಒಪ್ಪಿಗೆಯೇ ಸಾಕೆನ್ನುವ ಎಪ್ಪತ್ತೊಂದರ ಗರ್ಭಪಾತ ಕಾನೂನು ಬಂದು ಹತ್ತು ವರ್ಷದ ಮೇಲಾಯಿತು. ಜಯಕ್ಕ ನಾಲ್ಕನೇ ಕ್ಲಾಸು, ಕನ್ನಡ ಸಲೀಸಾಗಿ ಓದುತ್ತಾಳೆ. ಹಾಗಿದ್ದ ಮೇಲೆ, ಅವಳ ಹಕ್ಕನ್ನು ಅವಳಿಗೇ ಓದಿ ಹೇಳಲು ಬಿ.ಎ. ಮಾಡಿದ ಪಕ್ಕದ ಮನೆಯವಳು ಯಾಕೆ ಬೇಕು?